ಸೂಟಿಯ ಪ್ರವಾಸವೂ ಬೆಳೆದ ಮಕ್ಕಳ ಹಾಸಿಗೆಯೂ

ಗೃಹಸ್ಥರು ಸೂಟಿಯಲ್ಲಿ ಮಕ್ಕಳುಮರಿಗಳೊಡನೆ ಪ್ರವಾಸಕ್ಕೆ ಹೊರಡುವಾಗ ಮಾಡಿಕೊಳ್ಳುವ ಸಿದ್ಧತೆಯನ್ನು ಕಂಡರೆ ಅವರ ದೂರದೃಷ್ಟಿಯನ್ನು ಮೆಚ್ಚಬೇಕೆನಿಸುವದು. ಯಾವ ಗಾಡಿಗೆ ಹೊರಡಬೇಕು, ಯಾವ ದೇವಾಲಯದ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುವದು, ದಾರಿಗೆ ಎಷ್ಟು ಖಡಕ ರೊಟ್ಟಿ, ಎಷ್ಟು ಶೇಂಗಾಚಟ್ನಿ ಬೇಕು, ಇವೆಲ್ಲವೂ ವಾರಕ್ಕೆ ಮುಂಚೆಯೇ ನಿಶ್ಚಯವಾಗಿರುತ್ತವೆ. ಆದರೆ ದಿನದ ಮೂರರಲ್ಲೊಂದು ಪಾಲನ್ನು ಕಳೆಯಬೇಕಾದ ಹಾಸಿಗೆಯ ವಿಚಾರವು ಮಾತ್ರ ಯಾರಿಗೂ ನೆನಪಾಗುವದಿಲ್ಲ. 'ರಾತ್ರಿ ಹೆಂಗರೆ ಅಡ್ಡಾದರಾತು' ಎಂಬ ಒಂದೇ ಮಾತಿನಲ್ಲಿ ಅದು ಮುಗಿದುಹೋಗುತ್ತದೆ. ಮಕ್ಕಳು ಚಿಕ್ಕವರಾಗಿರುವ ತನಕ ಈ ಮಾತು ಸರಿಯೆ. ಕೂಸುಗಳು ಎಲ್ಲಿ ಹಾಕಿದರೆ ಅಲ್ಲಿ ಮಲಗುವವು. ಮಗನಿಗೆ ಮೀಸೆ ಚಿಗುರಿ, ಮಗಳು ಬಟ್ಟೆ ಬದಲಿಸುವಾಗ ಬಾಗಿಲ ಕಡೆಗೆ ನೋಡುವ ವಯಸ್ಸಿಗೆ ಬಂದಮೇಲೆ ಈ ಮಾತು ಸಾಲದು. ಆಗ ಹಾಸಿಗೆಯೆಂಬದು ಬರೇ ಬಟ್ಟೆಯ ಸುರುಳಿಯಲ್ಲ; ಮನೆಯು ತನ್ನ ಮಕ್ಕಳನ್ನು ಯಾವ ಕಣ್ಣಿನಿಂದ ನೋಡುತ್ತದೆಂಬದಕ್ಕೆ ಅದೊಂದು ಪರೀಕ್ಷೆಯು.

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಹಳೆಯ ಮನೆಗಳನ್ನು ಬಲ್ಲ ವಾಚಕರಿಗೆ, ಈ ಪ್ರಶ್ನೆಯು ಹಿಂದಿನವರನ್ನು ಏಕೆ ಪೀಡಿಸಲಿಲ್ಲವೆಂಬದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉತ್ತರವನ್ನು ಮನೆಯೇ ಕೊಡುತ್ತಿತ್ತು. ಬೀದಿಗೆ ಕಟ್ಟೆ, ತಲೆಬಾಗಿಲು ದಾಟಿದರೆ ಪಡಸಾಲೆ, ಅದರಾಚೆ ನಡುಮನೆ, ಒಳಗೆ ಅಡಿಗೆಮನೆ, ದೇವರಮನೆ, ಎಲ್ಲಕ್ಕೂ ಮೇಲೆ ತೊಲೆ-ಜಂತಿಗಳ ಮೇಲೆ ಮಣ್ಣು ಹಾಸಿದ ಮೇಲ್ಮುದ್ದೆಯ ಮಾಳಿಗೆ. ಮುದುಕರು ಪಡಸಾಲೆಯಲ್ಲಿ ಹೊರಸಿನ ಮೇಲೆ ಮಲಗುವರು. ಬಂದ ಬೀಗರಿಗೆ ಜಮಖಾನೆಯ ಮೇಲೆ ಗಾದಿ ಬೀಳುವದು. ಹೆಣ್ಣುಮಕ್ಕಳು ಅಜ್ಜಿಯ ಮಗ್ಗುಲಲ್ಲಿ ನಡುಮನೆಯಲ್ಲಿ ಸಾಲಾಗಿ ಮಲಗುವರು. ಹುಡುಗರು ಕಂಬಳಿ-ಕೌದಿಗಳನ್ನು ಹೆಗಲಿಗೇರಿಸಿ ನಿಚ್ಚಣಿಕೆ ಹತ್ತಿ, ಕಪ್ಪತಗುಡ್ಡದ ಕಡೆಯಿಂದ ಬರುವ ಗಾಳಿಗೆ ಮೈಯೊಡ್ಡಿ, ಚಿಕ್ಕೆಗಳನ್ನೆಣಿಸುತ್ತ ನಿದ್ದೆಹೋಗುವರು. ಯಾವ ಹುಡುಗನು ಯಾವ ದಿನದಿಂದ ಮಾಳಿಗೆಗೆ ಹೋಗತಕ್ಕದ್ದೆಂದು ಯಾರೂ ಅಪ್ಪಣೆ ಮಾಡುತ್ತಿರಲಿಲ್ಲ. ಒಂದು ಬೇಸಗೆಯ ರಾತ್ರಿ ಅವನು ತಾನಾಗಿಯೆ ದೊಡ್ಡವರ ಹಿಂದೆ ನಿಚ್ಚಣಿಕೆಯನ್ನೇರುವನು. ಮರುದಿನ ಅಜ್ಜಿಯು ಅವನ ಕೌದಿಯನ್ನು ಹುಡುಗರ ಕೌದಿಗಳ ಗಂಟಿನಲ್ಲಿ ಕಟ್ಟಿಡುವಳು. ಅಷ್ಟಕ್ಕೆ ಅವನ ಬಾಲ್ಯದ ಒಂದು ಅಧ್ಯಾಯವು ಮುಗಿಯಿತು. ಅಣ್ಣನನ್ನು ತಂಗಿಯಿಂದ ಅಗಲಿಸಿದೆವೆಂಬ ಭಾವನೆಯು ಯಾರಿಗೂ ಬರುತ್ತಿರಲಿಲ್ಲ. ಅಣ್ಣನು ಒಂದು ಮೆಟ್ಟಿಲು ಮೇಲಕ್ಕೆ ಹೋದನೆಂದೇ ಎಲ್ಲರೂ ತಿಳಿಯುವರು.

ಬೇಸಗೆಯ ಸೂಟಿಯಲ್ಲಿ ಅಜ್ಜನ ಮನೆಯು ತುಂಬಿದಾಗ ಈ ವ್ಯವಸ್ಥೆಯಲ್ಲಿ ಇನ್ನೊಂದು ಸೂಕ್ಷ್ಮವೂ ಇರುತ್ತಿತ್ತು. ಕನ್ನಡ ನಾಡಿನ ಬಹುಜನರಲ್ಲಿ ದೊಡ್ಡಪ್ಪ-ಚಿಕ್ಕಪ್ಪಂದಿರ ಮಕ್ಕಳು, ದೊಡ್ಡವ್ವ-ಚಿಕ್ಕವ್ವರ ಮಕ್ಕಳು ಒಡಹುಟ್ಟಿದವರ ಸಮಾನರು. ಸೋದರಮಾವನ ಮಕ್ಕಳೂ ಸೋದರತ್ತೆಯ ಮಕ್ಕಳೂ ಹಾಗಲ್ಲ. ಅವರಲ್ಲಿ ಕೊಟ್ಟುತರುವ ಸಂಬಂಧವು ಸಲ್ಲುವದು. ಒಂದೇ ಮನೆಯಲ್ಲಿ ನೆರೆದ ಹತ್ತು ಹನ್ನೆರಡು ಹುಡುಗ-ಹುಡುಗಿಯರಲ್ಲಿ ಯಾರು ಯಾರಿಗೆ ಏನಾಗಬೇಕೆಂಬ ಲೆಕ್ಕವು ಅಜ್ಜಿಯ ಬಾಯಲ್ಲಿರುತ್ತಿತ್ತು. 'ನೀ ಇಲ್ಲಿ ಬಾರವ್ವಾ, ನನ್ನ ಕಾಲು ಒತ್ತು' ಎಂದು ಒಬ್ಬಳನ್ನು ತನ್ನ ಎಡಗಡೆಗೂ, 'ನೀ ಬಾಗಲಾ ಕಾಯೋ ಮಗನ' ಎಂದು ಒಬ್ಬನನ್ನು ಪಡಸಾಲೆಗೂ ಕಳಿಸಿ, ಕಾರಣವನ್ನು ಹೇಳದೆಯೇ ಅವಳು ಎಲ್ಲವನ್ನೂ ನೇರ್ಪಡಿಸಿಬಿಡುತ್ತಿದ್ದಳು. ಮಕ್ಕಳಿಗೆ ತಾವು ಸೇವೆ ಮಾಡಿದೆವೆಂಬ ಹೆಮ್ಮೆಯು ಉಳಿಯುವದು. ತಮ್ಮ ಮೇಲೆ ಕಾವಲಿತ್ತೆಂಬ ಕಹಿಯು ಉಳಿಯದು.

ಹಾಗಾದರೆ ಹಿಂದಿನದೆಲ್ಲವೂ ಚಿನ್ನವಾಗಿತ್ತೇನು? ಪಕ್ಷಪಾತವಿಲ್ಲದೆ ನೋಡತಕ್ಕವರು ಹಾಗೆನ್ನಲಾರರು. ಏಪ್ರಿಲ್-ಮೇ ತಿಂಗಳುಗಳಲ್ಲಿ ಹಗಲೆಲ್ಲ ಕಾದ ಗೋಡೆಗಳು ರಾತ್ರಿಯ ಮೊದಲ ಜಾವದಲ್ಲಿ ಉಗುಳುವ ಕಾವನ್ನು ಉಂಡವರು ಹುಡುಗಿಯರು. ಮಾಳಿಗೆಯ ಗಾಳಿಯನ್ನುಂಡವರು ಹುಡುಗರು. ಬೆಳಕಿಂಡಿಯಿಂದ ಕಾಣುವ ಒಂದು ಗೇಣು ಆಕಾಶವೇ ಹುಡುಗಿಯ ಪಾಲಿಗೆ ಬೇಸಗೆಯ ಚಿಕ್ಕೆಗಳು. ಅದಲ್ಲದೆ, ಹೊರಗಾಗುವ ಮೂರು ದಿನಗಳ ಕಟ್ಟಳೆಯನ್ನು ಪಾಲಿಸುತ್ತಿದ್ದ ಮನೆಗಳಲ್ಲಿ, ಹುಡುಗಿಯ ಚಾಪೆಯು ಎಲ್ಲಿ ಬಿದ್ದಿದೆ ಎಂಬದರಿಂದಲೇ ಅವಳ ಗುಟ್ಟು ಮನೆಯಲ್ಲಿ ನೆರೆದ ಅಷ್ಟೂ ಜನಕ್ಕೆ ಗೊತ್ತಾಗಿಬಿಡುತ್ತಿತ್ತು. ಅವಳು ತಲೆ ತಗ್ಗಿಸಿ ಕುಳಿತಿರುವಳು. ಅವಳ ಮನಸ್ಸನ್ನು ಕೇಳಿದವರಾರು? ಮನೆಯು ಉತ್ತರ ಕೊಡುತ್ತಿದ್ದುದು ನಿಜ. ಆದರೆ ಆ ಉತ್ತರವನ್ನು ಕೊಡುವ ಮುನ್ನ ಅದು ಹುಡುಗಿಯನ್ನು ಎಂದೂ ಕೇಳಿದ್ದಿಲ್ಲ.

ಈಗ ಆ ಮನೆಗಳು ವಿರಳವಾಗುತ್ತಿವೆ. ಮೇಲ್ಮುದ್ದೆಯಿದ್ದಲ್ಲಿ ಸಿಮೆಂಟಿನ ಸ್ಲ್ಯಾಬು ಬಂದಿದೆ. ಕೂಡುಕುಟುಂಬಗಳು ಒಡೆದು ನಾಲ್ಕೈದು ಜನರ ಸಂಸಾರಗಳಾಗಿವೆ. ಸೂಟಿ ಬಂತೆಂದರೆ ಅಜ್ಜನ ಮನೆಗೆ ಹೋಗುವದಕ್ಕಿಂತ ಸಮುದ್ರವನ್ನೋ ಗುಡ್ಡವನ್ನೋ ನೋಡಿಬರುವ ರೂಢಿಯು ಹೆಚ್ಚಾಗಿದೆ. ಅಲ್ಲಿ ಅವರಿಗಾಗಿ ಕಾದಿರುವದು ಪಡಸಾಲೆಯಲ್ಲ, ಮಾಳಿಗೆಯಲ್ಲ. ನಾಲ್ಕು ಗೋಡೆಗಳ ಒಂದು ಬಾಡಿಗೆಯ ಕೋಣೆ. ಆ ಕೋಣೆಗೆ ಅಜ್ಜಿಯ ಲೆಕ್ಕವು ತಿಳಿಯದು.

ಬೆಟಗೇರಿಯ ಒಂದು ಮನೆತನದಲ್ಲಿ ನಡೆದ ಸಂಗತಿಯನ್ನು ಇಲ್ಲಿ ಹೇಳುವದು ಅಪ್ರಸ್ತುತವಾಗಲಾರದು. ತಂದೆ, ತಾಯಿ, ಮುಪ್ಪಿನ ಅಜ್ಜಿ, 17 ವರ್ಷದ ಮಗ, 14 ವರ್ಷದ ಮಗಳು, ಇಷ್ಟೇ ಜನರ ಸಂಸಾರ. ಸುಶಿಕ್ಷಿತರು, ಸುಸ್ವಭಾವದವರು. ಅಜ್ಜಿಯ ತವರೂರು ಮುಂಡರಗಿ. ಅಲ್ಲಿಯ ಹಳೆಯ ಮನೆಯನ್ನು ಕೆಡವಿದ ವರ್ಷ, ಸೂಟಿಗೆ ಹೋಗಲು ಊರಿಲ್ಲದಂತಾಯಿತೆಂದು, ಇವರು ಗೋಕರ್ಣಕ್ಕೆ ಹೊರಟರು. ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲ ಘಟ್ಟವನ್ನಿಳಿದು, ಮಹಾಬಲೇಶ್ವರನ ದರ್ಶನ ಮಾಡಿ, ಸಮುದ್ರದಲ್ಲಿ ಕಾಲು ತೋಯಿಸಿಕೊಂಡು, ಸಂತೋಷದಿಂದಲೇ ವಸತಿಗೃಹಕ್ಕೆ ಬಂದರು. ತಂದೆಯು ವೆಚ್ಚವನ್ನು ಲೆಕ್ಕಹಾಕಿ ಒಂದೇ ಕೋಣೆಯನ್ನು ಗೊತ್ತುಮಾಡಿದ್ದನು. ಎರಡು ಅಗಲವಾದ ಮಂಚಗಳು. ಒಂದರ ಮೇಲೆ ಅಜ್ಜಿ, ತಾಯಿ, ಮಗಳು. ಎರಡನೆಯದರ ಮೇಲೆ ತಂದೆ-ಮಗ. ನೋಡುವವರಿಗೆ ಇದರಲ್ಲಿ ಯಾವ ಕುಂದೂ ಕಾಣಿಸದು.

ಆದರೆ ಆ ರಾತ್ರಿ ಮಗಳಿಗೆ ನಿದ್ದೆ ಬರಲಿಲ್ಲ. ಎರಡು ಮಂಚಗಳ ನಡುವೆ ಒಂದು ಮೊಳದ ಜಾಗ. ಮಗ್ಗುಲು ಬದಲಿಸಿದರೆ ಅಣ್ಣನ ಮುಖ. ಉಟ್ಟ ಉಡುಪು ಸಮುದ್ರದ ಉಪ್ಪಿನಿಂದ ಮೈಗಂಟುತ್ತಿದ್ದರೂ ಸಡಿಲಾದುದನ್ನು ತೊಟ್ಟು ಮಲಗಲು ಅವಳಿಗೆ ಸಂಕೋಚ. ಅಣ್ಣನ ಮೊಬೈಲಿನ ಬೆಳಕು ನಡುರಾತ್ರಿಯವರೆಗೂ ಗೋಡೆಯ ಮೇಲೆ ಆಡುತ್ತಿತ್ತು. ಅಜ್ಜಿಯು ನಸುಕಿನ ನಾಲ್ಕು ಗಂಟೆಗೆ ಎದ್ದು ನಾಮಸ್ಮರಣೆಗೆ ತೊಡಗಿದಳು. ಎರಡನೆಯ ರಾತ್ರಿ ಮಗಳು ತನ್ನ ಹೊದಿಕೆಯನ್ನೆತ್ತಿಕೊಂಡು ಹೊರಗಿನ ವರಾಂಡಕ್ಕೆ ನಡೆದಳು.

'ಎಲ್ಲಿಗ್ಯವ್ವಾ? ಪರಊರಾಗ ಹೊರಗ ಮಲಗತಾರೇನು?' ಎಂದು ತಂದೆಯು ಕೇಳಿದನು.

'ಒಳಗ ನನಗ ನಿದ್ದಿ ಬರಂಗಿಲ್ಲಪ್ಪಾ.'

'ಯಾಕ ಬರಂಗಿಲ್ಲ? ಹೊರಗಿನವರು ಯಾರದಾರ ಇಲ್ಲಿ? ಅಣ್ಣ ಅಲ್ಲೇನು ಅಂವ? ಒಂದ ಹೊಟ್ಟ್ಯಾಗ ಹುಟ್ಟಿದವರಿಗೆ ಇದೆಂಥಾ ನಾಚಿಕಿ?'

ಮಗಳ ಕಣ್ಣಲ್ಲಿ ನೀರಾಡಿತು. 'ಅಣ್ಣ ಅದಾನಂತ ನಾ ಅನ್ನಲಿಲ್ಲ. ನನಗೊಂದೀಟು ನನ್ನ ಜಾಗಾ ಬೇಕಂದೆ' ಎಂದಳು.

ಅತ್ತ ಮಂಚದ ಮೇಲೆ ಕುಳಿತಿದ್ದ ಮಗನ ಮುಖವು ಕಪ್ಪಿಟ್ಟಿತು. ತಂದೆಯ ಮಾತು ತಂಗಿಯನ್ನು ಕುರಿತುದಾದರೂ ಚುಚ್ಚಿದ್ದು ಅವನನ್ನು. ಮೂರು ವರ್ಷಗಳ ಹಿಂದೆ ಮುಂಡರಗಿಯಲ್ಲಿ ಇಬ್ಬರೂ ಒಂದೇ ಕೌದಿಯೊಳಗೆ ಮಲಗಿ ಭೂತದ ಕಥೆಗಳನ್ನು ಹೇಳಿಕೊಂಡಿದ್ದರು. ಈಗ ತಾನು ಮಾಡಿದ ತಪ್ಪೇನು, ತನ್ನಿಂದ ತಂಗಿಯು ಹೊರಗೆ ಹೋಗಬೇಕಾದ ಕಾರಣವೇನು? ಇದನ್ನು ಕೇಳಲೂ ಬಾರದೆ ನುಂಗಲೂ ಬಾರದೆ ಅವನು ಎದ್ದು, 'ನಾನ ಹೊರಗ ಮಲಗತೀನಿ, ಆಕಿ ಒಳಗಿರಲಿ' ಎಂದುಬಿಟ್ಟನು. ಒಂದು ಚಿಕ್ಕ ಮಾತಿನಿಂದ ಅಣ್ಣತಂಗಿಯರಿಬ್ಬರೂ ಅಪರಾಧಿಗಳಂತೆ ಬಾಗಿಲಲ್ಲಿ ನಿಂತರು.

ಆಗ ಬಾಯಿ ತೆರೆದವಳು ಅಜ್ಜಿ. 'ಯಾರೂ ಹೊರಗ ಹೋಗಬ್ಯಾಡ್ರಿ. ನಮ್ಮ ಮನಿಯಾಗ ಮದವಿಗೆ ಮಂದಿ ತುಂಬಿದಾಗ ನಮ್ಮವ್ವ ಏನು ಮಾಡತಿದ್ದಳು? ಪಡಸಾಲಿಗೆ ಸೀರಿ ಕಟ್ಟತಿದ್ದಳು. ಮಗನ, ಆ ಹಗ್ಗ ತಾ' ಎಂದಳು. ಒಗೆದ ಬಟ್ಟೆ ಒಣಗಿಸಲೆಂದು ತಂದ ಹಗ್ಗವನ್ನು ಕಿಟಕಿಯ ಸರಳಿನಿಂದ ಬಾಗಿಲ ಚೌಕಟ್ಟಿನ ಮೊಳೆಗೆ ಬಿಗಿದು, ಅಜ್ಜಿಯ ಒಂದು ಇಳಕಲ್ಲ ಸೀರೆಯನ್ನು ಅದರ ಮೇಲೆ ಇಳಿಬಿಟ್ಟರು. ಕಟ್ಟಿದವನು ಮಗನೇ. ಸೀರೆಯ ಆಚೆ ಮೂವರು ಹೆಣ್ಣುಮಕ್ಕಳು, ಈಚೆ ಇಬ್ಬರು ಗಂಡಸರು. ದೀಪವಾರಿದ ಎಷ್ಟೋ ಹೊತ್ತಿನಮೇಲೆ ಸೀರೆಯ ಆ ಕಡೆಯಿಂದ, 'ಅಣ್ಣಾ, ಮಲಗಿದೇನೋ?' ಎಂಬ ಧ್ವನಿಯು ಕೇಳಿಸಿತು. ಭೂತದ ಕಥೆಯು ಮತ್ತೆ ನಡೆಯಿತು.

ವಾಚಕರು ವಿಚಾರಿಸಬೇಕಾದುದು ಇಲ್ಲಿಯೇ. ತೆಳುವಾದ ಆ ಸೀರೆಯು ಯಾವ ಧ್ವನಿಯನ್ನೂ ತಡೆಯಲಿಲ್ಲ. ಗೋಡೆಯ ಕೆಲಸವನ್ನು ಅದು ಮಾಡಲಾರದು. ಆದರೂ ಮಗಳ ಸಂಕೋಚವು ಹೋಯಿತು, ಮಗನ ನೋವೂ ಹೋಯಿತು. ಏಕೆಂದರೆ ಮಕ್ಕಳು ಬೇಡಿದ್ದು ಒಬ್ಬರಿಂದೊಬ್ಬರು ದೂರವಾಗುವದನ್ನಲ್ಲ. ತಮ್ಮ ತಮ್ಮದೆಂಬ ಒಂದು ಎಲ್ಲೆಯನ್ನು. ತಂದೆಯು ಅದನ್ನು ಸಂಶಯವೆಂದು ತಿಳಿದನು. ಅಜ್ಜಿಯು ಅದನ್ನು ಬೆಳವಣಿಗೆಯೆಂದು ತಿಳಿದಳು.

ಶಾಸ್ತ್ರಕಾರರೂ ಕಾಯಿದೆ ಮಾಡಿದವರೂ ಈ ವಿಷಯವನ್ನು ಮರೆತವರಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ತಾಯಿ, ಸಹೋದರಿ, ಮಗಳು ಇವರೊಡನೆಯೂ ಪುರುಷನು ಏಕಾಂತದಲ್ಲಿರಕೂಡದೆಂಬ ವಿಧಿಯಿದೆ. ಇಂದ್ರಿಯಗಳ ಬಲವೇ ಅದಕ್ಕೆ ಕೊಟ್ಟ ಕಾರಣವು. ಲಕ್ಷ್ಮೇಶ್ವರದಲ್ಲಿ ಸೋಮೇಶ್ವರನ ಗುಡಿಯಿರುವಂತೆ ಆದಿಲಶಾಹಿ ಕಾಲದ ಜುಮ್ಮಾ ಮಸೀದಿಯೂ ಇದೆ. ಅಲ್ಲಿಯ ಮುಸಲ್ಮಾನ ಗೃಹಸ್ಥರು ಬಲ್ಲಂತೆ, ಪ್ರವಾದಿಗಳ ವಚನಗಳಲ್ಲಿ ಮಕ್ಕಳಿಗೆ 10 ವರ್ಷವಾದಮೇಲೆ ಹಾಸಿಗೆಗಳನ್ನು ಬೇರೆಮಾಡಬೇಕೆಂಬ ಅಪ್ಪಣೆಯಿದೆ. ಇಂಗ್ಲಂಡದಲ್ಲಿ ಕಾರ್ಖಾನೆಯ ಊರುಗಳ ಇಕ್ಕಟ್ಟಾದ ಮನೆಗಳನ್ನು ಕಂಡು 1935ರಲ್ಲಿ ಮಾಡಿದ ವಸತಿ ಕಾಯಿದೆಯು ಜನಸಂದಣಿಗೆ ಒಂದು ಅಳತೆಯನ್ನು ಹಾಕಿತು. 1985ರ ಕಾಯಿದೆಯಲ್ಲಿಯೂ ಉಳಿದುಬಂದ ಆ ಅಳತೆಯ ಪ್ರಕಾರ, ದಂಪತಿಗಳಲ್ಲದ ಹೆಣ್ಣುಗಂಡುಗಳು ಒಂದೇ ಕೋಣೆಯಲ್ಲಿ ಮಲಗಲೇಬೇಕಾಗಿ ಬಂದರೆ ಆ ಮನೆಯು ಇಕ್ಕಟ್ಟಿನ ಮನೆಯೆನಿಸುವದು. 10 ವರ್ಷದೊಳಗಿನ ಮಕ್ಕಳನ್ನು ಮಾತ್ರ ಈ ಲೆಕ್ಕದಲ್ಲಿ ಹಿಡಿಯುವದಿಲ್ಲ. ಅರಬಸ್ತಾನದ ಧರ್ಮವಚನವೂ ಇಂಗ್ಲಂಡದ ಕಾಯಿದೆಯೂ ಪರಸ್ಪರ ಕೇಳಿಕೊಳ್ಳದೆಯೇ 10 ಎಂಬ ಅಂಕೆಗೆ ಬಂದು ನಿಂತದ್ದು ಚೋದ್ಯವಾಗಿದೆ. ಮನುಷ್ಯನ ಕೂಸು ಯಾವಾಗ ಕೂಸಾಗಿ ಉಳಿಯದೆಂಬದನ್ನು ಎಲ್ಲ ದೇಶದ ತಾಯಿತಂದೆಗಳೂ ಕಂಡುಕೊಂಡಿದ್ದಾರೆ.

ಇವುಗಳಲ್ಲಿ ವಿಧಿಯು ಒಂದೇ ಆದರೂ ಕಾರಣಗಳು ಬೇರೆಬೇರೆ. ಇಂದ್ರಿಯಗಳ ಭಯವನ್ನೇ ಮುಂದುಮಾಡಿ ಮಕ್ಕಳನ್ನು ಬೇರ್ಪಡಿಸಿದರೆ, ನಿರ್ದೋಷಿಗಳಾದ ಅಣ್ಣತಂಗಿಯರಿಗೆ ಅವರು ಕನಸಿನಲ್ಲಿಯೂ ನೆನೆಯದ ದೋಷವನ್ನು ನಾವೇ ಕಲಿಸಿದಂತಾಗುವದು. ಅಪಾಯವಿಲ್ಲವೇ ಇಲ್ಲವೆಂದು ಹೇಳುವದೂ ಜಾಣತನವಲ್ಲ. ತುಂಬಿದ ಮನೆಯಲ್ಲಿ ಹುಡುಗ-ಹುಡುಗಿಯರಾರಾದರೂ 'ಇಂಥವರ ಮಗ್ಗುಲಿಗೆ ನಾ ಮಲಗಂಗಿಲ್ಲ' ಎಂದರೆ, ಆ ಮಾತನ್ನು ಹಟವೆಂದು ತಳ್ಳಿಹಾಕದೆ, ಅವರು ಹಿರಿಯರಾಗಲಿ ಬಂಧುಗಳಾಗಲಿ, ಆ ಕ್ಷಣವೇ ಜಾಗವನ್ನು ಬದಲಿಸಿ, ಕಾರಣವನ್ನು ಆಮೇಲೆ ಮೆಲ್ಲಗೆ ಕೇಳತಕ್ಕದ್ದು. ಆದರೆ ಸಾಮಾನ್ಯ ನಿಯಮಕ್ಕೆ ಆಧಾರವು ಭಯವಾಗಿರದೆ ಗೌರವವಾಗಿರಬೇಕು. ಮಗನಿಗೆ 16 ವರ್ಷ ತುಂಬಿದಮೇಲೆ ಅವನನ್ನು ಮಿತ್ರನಂತೆ ಕಾಣಬೇಕೆಂಬ ನೀತಿಯು ಚಾಣಕ್ಯನ ಹೆಸರಿನಲ್ಲಿ ಬಹುಕಾಲದಿಂದ ನಡೆದುಬಂದಿದೆ. ಆ ನೀತಿಯಲ್ಲಿ ಮಗನ ಹೆಸರಷ್ಟೇ ಇದೆ. ಮಗಳನ್ನೂ ಅದರಲ್ಲಿ ಸೇರಿಸಿಕೊಳ್ಳುವದಕ್ಕೆ ಯಾವ ಶಾಸ್ತ್ರದ ಅಡ್ಡಿಯೂ ಇಲ್ಲ. ಮಿತ್ರನು ಮನೆಗೆ ಬಂದರೆ 'ಎಲ್ಲಿ ಮಲಗತೀರಿ?' ಎಂದು ಕೇಳುವದಿಲ್ಲವೆ?

ಇನ್ನು ನಿದ್ದೆಯ ವಿಷಯ. ರಾತ್ರಿ ಬೇಗ ಮಲಗದ, ಬೆಳಿಗ್ಗೆ ಬೇಗ ಏಳದ ಹರೆಯದವರನ್ನು ಮೈಗಳ್ಳರೆಂದು ಬಯ್ಯುವದು ಹಿರಿಯರ ರೂಢಿ. ದೇಹದಲ್ಲಿ ನಿದ್ದೆಯ ಹೊತ್ತನ್ನು ಸೂಚಿಸುವ ಮೆಲಟೋನಿನ್ ಎಂಬ ರಸವು ಈ ವಯಸ್ಸಿನವರಲ್ಲಿ ಮಕ್ಕಳಿಗಿಂತಲೂ ದೊಡ್ಡವರಿಗಿಂತಲೂ ತಡವಾಗಿ ಉಕ್ಕುವದೆಂದು ಶರೀರಶಾಸ್ತ್ರಜ್ಞರು ಕಂಡುಕೊಂಡಿದ್ದಾರೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ತಾಸು ನಿದ್ದೆ ಬೇಕೆಂದು ಅಮೇರಿಕೆಯ ನಿದ್ರಾವೈದ್ಯರ ಸಂಸ್ಥೆಯು 2016ರಲ್ಲಿ ಗೊತ್ತುಪಡಿಸಿತು. ಆದುದರಿಂದ ನಾಲ್ಕು ಗಂಟೆಗೆ ಏಳುವ ಅಜ್ಜಿಯನ್ನೂ ನಡುರಾತ್ರಿಗೆ ಮಲಗುವ ಮೊಮ್ಮಗನನ್ನೂ ಅಕ್ಕಪಕ್ಕದಲ್ಲಿ ಹಾಕುವದು ಇಬ್ಬರಿಗೂ ಮಾಡಿದ ಅನ್ಯಾಯವು. ಬೇಗ ಏಳುವವರು ಬಾಗಿಲ ಹತ್ತಿರ, ತಡವಾಗಿ ಏಳುವವರು ಗೋಡೆಯ ಹತ್ತಿರ. ಇಂತಿಷ್ಟು ಹೊತ್ತಿಗೆ ಎಲ್ಲರ ಮೊಬೈಲುಗಳೂ ಮುಚ್ಚತಕ್ಕದ್ದು. ಇಷ್ಟನ್ನು ಮೊದಲೇ ಮಾತಾಡಿಕೊಂಡರೆ ಅರ್ಧ ಜಗಳವು ಹುಟ್ಟಲಾರದು.

ರೇಲ್ವೆಯ ಮಲಗುವ ಡಬ್ಬಿಯನ್ನು ನೋಡಿರಿ. ಅದರಲ್ಲಿ 72 ಅಥವಾ 80 ಜನ ಅಪರಿಚಿತರು, ಹೆಣ್ಣು ಗಂಡು ಮುದುಕ ಕೂಸು ಎನ್ನದೆ, ಒಂದೇ ಸೂರಿನಡಿಯಲ್ಲಿ ಮಲಗಿ ಪ್ರಯಾಣ ಮಾಡುತ್ತಾರೆ. ಗೋಡೆಯಿಲ್ಲ, ಬಾಗಿಲಿಲ್ಲ. ಆದರೂ ಅಣ್ಣತಂಗಿಯರು ಅಲ್ಲಿ ಮೇಲೆ ಕೆಳಗೆ ನಿಶ್ಚಿಂತೆಯಿಂದ ಮಲಗುವರು, ಏಕೆಂದರೆ ಒಬ್ಬೊಬ್ಬರಿಗೆ ಒಂದೊಂದು ಹಲಗೆ, ಒಂದೊಂದು ನಂಬರು, ಅದು ಅವರದೇ. ಹಾಗಾದಮೇಲೆ, ಎರಡು ಕೋಣೆಗಳ ಬಾಡಿಗೆಯನ್ನು ತೆರಲಾರದ ಗೃಹಸ್ಥರು ಮನಗುಂದಬೇಕಾಗಿಲ್ಲ. ಭಾರತದಲ್ಲಿ 2011ರ ಜನಗಣತಿಯಂತೆ ನೂರಕ್ಕೆ 37ರಷ್ಟು ಸಂಸಾರಗಳು ಒಂದೇ ಕೋಣೆಯಲ್ಲಿ ವಾಸಿಸುತ್ತಿದ್ದವು; ಅವರ ಮಕ್ಕಳೂ ಮಾನವಂತರಾಗಿಯೇ ಬೆಳೆದರು. ಅನುಕೂಲವಿದ್ದವರು ಎರಡು ಕೋಣೆಗಳನ್ನು ಹಿಡಿಯಲಿ. ತಾಯಿ-ಮಗಳು ಒಂದರಲ್ಲಿ, ತಂದೆ-ಮಗ ಇನ್ನೊಂದರಲ್ಲಿ ಇರಲಿ. ಅನುಕೂಲವಿಲ್ಲದವರು ಒಂದು ಹಗ್ಗ, ಒಂದು ಸೀರೆ, ಒಬ್ಬೊಬ್ಬರಿಗೆ ಬೇರೆ ಹೊದಿಕೆ, ಇಷ್ಟನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಲಿ. ಬಟ್ಟೆ ಬದಲಿಸುವವರಿಗೆ ಉಳಿದವರು ಹೇಳಿಸಿಕೊಳ್ಳದೆಯೇ ಹತ್ತು ನಿಮಿಷ ಹೊರಗೆ ಹೋಗಿಬರುವ ರೂಢಿಯನ್ನು ಮಾಡಿಕೊಳ್ಳಲಿ. ಇಬ್ಬರೂ ಗಂಡುಮಕ್ಕಳೇ ಇದ್ದರೂ, ಇಬ್ಬರೂ ಹೆಣ್ಣುಮಕ್ಕಳೇ ಇದ್ದರೂ ಇದು ಸಲ್ಲುವದು; ಒಂದೇ ಹೊದಿಕೆಯನ್ನು ಎಳೆದಾಡುವ 16 ವರ್ಷದ ತಮ್ಮನಿಗೂ 18 ವರ್ಷದ ಅಣ್ಣನಿಗೂ ಬೇರೆ ಬೇರೆ ಮಗ್ಗುಲುಗಳು ಬೇಕು.

ಬೆಟಗೇರಿಯ ಆ ಮನೆಯಲ್ಲಿ ಮರುವರ್ಷ ಪ್ರವಾಸದ ಮಾತು ಬಂದಾಗ ತಂದೆಯು ಗಾಡಿಯ ವೇಳೆಯನ್ನು ನೋಡುವ ಮುಂಚೆ ಮಕ್ಕಳಿಬ್ಬರನ್ನೂ ಕರೆದು ಮಲಗುವ ವ್ಯವಸ್ಥೆಯನ್ನು ಕೇಳಿದನಂತೆ. ಮಗಳು ಹೇಳಿದ್ದೇನೆಂದರೆ, 'ನನಗ ಮಾಳಿಗಿ ಇರೋ ಊರು ನೋಡಪ್ಪಾ; ಒಂದ ರಾತ್ರಿ ನಾನೂ ಆಯೀನೂ ಮ್ಯಾಲೆ ಮಲಗತೀವಿ' ಎಂದು. ಅಜ್ಜಿಯು ಹೂಂಗುಟ್ಟಿದಳು. ತನ್ನ ಹುಡುಗಿತನದಲ್ಲಿ ಮುಂಡರಗಿಯ ನಡುಮನೆಯ ಬೆಳಕಿಂಡಿಯಿಂದ ಅವಳೂ ಆಕಾಶವನ್ನು ನೋಡಿದವಳೇ ಅಲ್ಲವೆ!

ಮಕ್ಕಳು ಬೆಳೆಯುವದನ್ನು ತಡೆಯಲು ಯಾರಿಂದಲೂ ಆಗದು. ಅವರು ಬೆಳೆದುದನ್ನು ನಾವು ಕಂಡಿದ್ದೇವೆಂದು ತೋರಿಸುವದು ಮಾತ್ರ ಆಗುವ ಮಾತು. ಅದಕ್ಕೆ ಹೆಚ್ಚಿನ ಹಣವೂ ಬೇಕಿಲ್ಲ. ಮನೆಯನ್ನು ಬಿಟ್ಟು ಹೊರಡುವ ಮುನ್ನ ಒಂದು ಪ್ರಶ್ನೆಯನ್ನು ಕೇಳಿ, ಬಂದ ಉತ್ತರವನ್ನು ನಗದೆ ಕೇಳಿಸಿಕೊಂಡರೆ ಸಾಕು. ಹಿಂದೆ ಆ ಕೆಲಸವನ್ನು ಅಂಕಣಗಳೂ ಮಾಳಿಗೆಯೂ ಮೂಕವಾಗಿ ಮಾಡುತ್ತಿದ್ದವು. ಈಗ ಅದನ್ನು ತಾಯಿತಂದೆಗಳು ಬಾಯಿಬಿಟ್ಟು ಮಾಡಬೇಕಾಗಿದೆ. ಹಾಗೆ ಮಾಡಿದ ಮನೆಯ ಮಕ್ಕಳು ಎಷ್ಟು ದೂರ ಮಲಗಿದರೂ ದೂರದವರಾಗಲಾರರು.